ಅಮ್ಮನ ಕೈಮೇಲಿದ್ದ ಮಂಜ

ಶಿವಮೊಗ್ಗದ ಗೋಪಾಳದ ಬಸ್‌ಸ್ಟಾಪಿನ ಎದುರು, ಮೊಬೈಲ್ ಅಂಗಡಿಯೊಂದರ ಮಹಡಿಯ ಮೇಲೆ ಈಚೆಗೆ ಶುರುವಾದ ಟ್ಯಾಟೂ ಅಂಗಡಿಯ ಗಾಜಿನ ಬಾಗಿಲು ತಳ್ಳಿದಾಗ ಮೊದಲು ಮೂಗಿಗೆ ಬಂದದ್ದು ಸ್ಪಿರಿಟ್ಟಿನ ತಣ್ಣನೆಯ ವಾಸನೆ. ಅದರ ಬೆನ್ನಿಗೇ ಹೊಸ ರಬ್ಬರ್ ಗ್ಲೌಸಿನ ವಾಸನೆ. ಅದಕ್ಕೂ ಕೆಳಗೆ, ಮುಲಾಮಿನ ಜಿಡ್ಡು ವಾಸನೆ. ನಾನು ಹೋದದ್ದು ನನಗಾಗಿ ಅಲ್ಲ. ನಾನು ಪಾಠ ಮಾಡುವ ಶಾಲೆಗೆ ಈ ವರ್ಷ ಟೀಚರಾಗಿ ಸೇರಿದ ಅಶ್ವಿನಿಗೆ ಮಣಿಕಟ್ಟಿನ ಮೇಲೆ ಒಂದು ಹಕ್ಕಿ ಬೇಕಿತ್ತು. ಒಬ್ಬಳೇ ಹೋಗಲು ಧೈರ್ಯ ಸಾಲದೆ ನನ್ನನ್ನು ಎಳೆದುಕೊಂಡು ಬಂದಿದ್ದಳು. ಅವಳು ಗೋಡೆಯ ಮೇಲಿನ ಚಿತ್ರಗಳನ್ನು ನೋಡುತ್ತಿದ್ದರೆ ನಾನು ಕಸದ ಬುಟ್ಟಿಯನ್ನು ನೋಡುತ್ತಿದ್ದೆ. ಸೂಜಿಯ ಪ್ಯಾಕೆಟ್ಟನ್ನು ನಮ್ಮ ಕಣ್ಣೆದುರೇ ಹರಿಯುತ್ತೀರಾ, ಹಿಂದಿನವರಿಗೆ ಹಾಕಿ ಮಿಕ್ಕ ಬಣ್ಣವನ್ನು ಏನು ಮಾಡುತ್ತೀರಿ, ಈ ಕುರ್ಚಿಯ ಮೇಲಿನ ಪ್ಲಾಸ್ಟಿಕ್ಕನ್ನು ಬದಲಾಯಿಸಿದ್ದು ಯಾವಾಗ, ಬಳಸಿದ ಸೂಜಿ ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತಲೇ ಹೋದೆ. ಅಂಗಡಿಯವನು ಎಲ್ಲಕ್ಕೂ ಸಮಾಧಾನದಿಂದ ಉತ್ತರ ಕೊಟ್ಟು, ಕೊನೆಗೆ ನಗುತ್ತಾ, "ಮೇಡಂ, ನೀವು ಹೆಲ್ತ್ ಡಿಪಾರ್ಟ್‌ಮೆಂಟಿನವರಾ?" ಎಂದ. "ಅಲ್ಲ, ಗೇಟ್ ಕಾಯೋರ ಮಗಳು" ಎಂದೆ. ಅವನಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಯಂತ್ರ ಗುಂಯ್ ಎಂದು ಶುರುವಾಯಿತು. ಅಶ್ವಿನಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಆ ಸದ್ದು, ಆ ವಾಸನೆ, ಕೈಯೊಳಗೊಂದು ಬೆವೆತ ಕೈ: ಇವು ಮೂರೂ ಒಟ್ಟಿಗೆ ಸೇರಿದ ಕೂಡಲೇ ನಾನು ಗೋಪಾಳದಲ್ಲಿ ಇರಲಿಲ್ಲ. ಭದ್ರಾವತಿಯ ಜನ್ನಾಪುರದಲ್ಲಿ, ಈಗ ಇಲ್ಲದ ಒಂದು ಮನೆಯಲ್ಲಿದ್ದೆ.

ಆ ಮನೆ ಇದ್ದ ಜಾಗದಲ್ಲಿ ಈಗ ಮೂರು ಅಂತಸ್ತಿನ ಕಟ್ಟಡವಿದೆ, ಕೆಳಗೊಂದು ಜಿಮ್ ಇದೆ. ನಮ್ಮದು ಶೀಟು ಹೊದಿಸಿದ ಎರಡು ಕೋಣೆಯ ಮನೆ. ಬೇಸಿಗೆಯಲ್ಲಿ ಮಾಡು ಟಕ್ ಟಕ್ ಎಂದು ಸಿಡಿಯುತ್ತಿತ್ತು. ಕೆಂಪು ಗಾರೆ ನೆಲ ಮಾತ್ರ ಯಾವ ಕಾಲದಲ್ಲೂ ತಣ್ಣಗಿರುತ್ತಿತ್ತು. ಶಾಲೆಯಿಂದ ಬಂದವಳೇ ನಾನು ಅದರ ಮೇಲೆ ಕೆನ್ನೆಯಿಟ್ಟು ಮಲಗಿ ಅಮ್ಮ ಅಕ್ಕಿರೊಟ್ಟಿ ತಟ್ಟುವುದನ್ನು ನೋಡುತ್ತಿದ್ದೆ. ಆ ಎತ್ತರದಿಂದ, ರವಿಕೆಯ ತೋಳು ಸರಿಸಿದ ಅಮ್ಮನ ಎಡಗೈ ಚೆನ್ನಾಗಿ ಕಾಣುತ್ತಿತ್ತು. ಬಳೆಗಳಿಗೂ ಮೊಳಕೈಗೂ ನಡುವೆ, ಒಳಭಾಗದಲ್ಲಿ, ಹಸಿರು ಹಚ್ಚೆಯಲ್ಲಿ ಎರಡು ಅಕ್ಷರ. ಮ ಸ್ವಲ್ಪ ಓರೆ, ಅದರ ಪಕ್ಕದ ಸೊನ್ನೆ ಬೇಕಾದದ್ದಕ್ಕಿಂತ ದೊಡ್ಡದು, ಜ ಕೆಳಕ್ಕೆ ಜಾರಿದಂತೆ. ಹಿಟ್ಟು ಹಾರಿದಾಗ ಅವು ಮಂಕಾಗುತ್ತಿದ್ದವು, ಕೈ ತೊಳೆದಾಗ ಮತ್ತೆ ಎದ್ದು ಕಾಣುತ್ತಿದ್ದವು. ಸ್ಲೇಟು ಹಿಡಿಯುವ ಮೊದಲೇ ನಾನು ಓದಲು ಕಲಿತ ಮೊದಲ ಪದ ಅದು, ಮಂಜ. ನಿಮಗೂ ನಿಮ್ಮ ತಾಯಿಯ ಮೈಮೇಲಿನ ಒಂದು ಮಚ್ಚೆಯೋ ಸುಟ್ಟ ಗಾಯವೋ ಹೀಗೆ ನೆನಪಿರಬಹುದು. ಮುಖ ಮಸುಕಾದರೂ ಅದು ಮಸುಕಾಗುವುದಿಲ್ಲ.

ಅಪ್ಪ ರುದ್ರಪ್ಪ ಕಾರ್ಖಾನೆಯೊಂದರ ಗೇಟಿನಲ್ಲಿ ಕಾವಲಿಗಿದ್ದರು. ಪಾಳಿ ಮುಗಿಸಿ ಹೊರಗೆ ಹೋಗುವವರ ಚೀಲ, ಊಟದ ಡಬ್ಬಿ, ಸೊಂಟ, ಸೈಕಲ್ಲಿನ ಸೀಟಿನಡಿ ತಡಕಿ ನೋಡುವುದು ಅವರ ಕೆಲಸ. ಒಂದು ತಾಮ್ರದ ತುಂಡೂ ಅವರ ಕಣ್ಣು ತಪ್ಪಿಸಿ ಆಚೆ ಹೋಗುತ್ತಿರಲಿಲ್ಲ ಎಂದು ಜೊತೆಯವರು ಹೇಳುತ್ತಿದ್ದರು. ತೊಂದರೆಯೆಂದರೆ ಆ ಗೇಟು ಅಪ್ಪನ ಜೊತೆಗೇ ಮನೆಗೆ ಬರುತ್ತಿತ್ತು. ಹಾಲಿನವನು ಸುರಿದ ಹಾಲನ್ನು ಬೆರಳ ತುದಿಯಿಂದ ಉಗುರಿನ ಮೇಲೆ ಬಿಟ್ಟು ಅದು ನಿಲ್ಲುತ್ತದೋ ಹರಿಯುತ್ತದೋ ನೋಡುತ್ತಿದ್ದರು. ಎಣ್ಣೆ ಮೂಸುತ್ತಿದ್ದರು. ನೆಂಟರು ತಂದ ಸಿಹಿಯ ಪೊಟ್ಟಣವನ್ನು ಕೆಳಗಿನಿಂದ ಬಿಚ್ಚುತ್ತಿದ್ದರು. ಮೇಲಿನ ಸಾಲು ಎಲ್ಲರೂ ಚೆನ್ನಾಗೇ ಜೋಡಿಸುತ್ತಾರೆ ಎಂಬುದು ಅವರ ವಾದ. ನನ್ನ ಶಾಲೆಯ ಚೀಲವನ್ನೂ ಒಮ್ಮೆ ತಟ್ಟಿ ನೋಡದೆ ಒಳಗೆ ಬಿಡುತ್ತಿರಲಿಲ್ಲ. ಅದು ನಮ್ಮಿಬ್ಬರ ಆಟವೂ ಆಗಿತ್ತು. ಕೆಟ್ಟ ಮನುಷ್ಯನಲ್ಲ. ಕೈ ಎತ್ತಿದವರಲ್ಲ, ಕುಡಿದವರಲ್ಲ, ದನಿ ಎತ್ತರಿಸಿದ್ದೂ ಕಡಿಮೆ. ಆದರೆ ಅವರ ಕಣ್ಣು ಒಂದು ಕಡೆ ನಿಂತರೆ, ಅಲ್ಲಿ ಏನೋ ಬಚ್ಚಿಟ್ಟಿದೆ ಎಂದು ಬಚ್ಚಿಡದವರಿಗೂ ಅನ್ನಿಸಿಬಿಡುತ್ತಿತ್ತು. ಅವರು ಬಿಟ್ಟುಹೋದ ಆಸ್ತಿಯೆಂದರೆ ಆ ಅನುಮಾನ. ಅದು ನನಗೆ ಸಂಪೂರ್ಣವಾಗಿ ಬಂದಿದೆ.

ಆ ಕಣ್ಣು ಬಹಳ ವರ್ಷ ನಿಂತದ್ದು ಅಮ್ಮನ ಎಡಗೈ ಮೇಲೆ. ಮದುವೆಯಾದ ಹೊಸತರಲ್ಲೇ ಅಪ್ಪ ಕೇಳಿದ್ದರಂತೆ, ಮಂಜ ಅಂದರೆ ಯಾರು ಎಂದು. ನನ್ನ ತಮ್ಮ, ಚಿಕ್ಕವನಿದ್ದಾಗಲೇ ಹೋಗಿಬಿಟ್ಟ ಎಂದು ಅಮ್ಮ ಹೇಳಿದ್ದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಪ್ಪ ಹಬ್ಬಕ್ಕೆ ಆಯನೂರಿಗೆ, ಅಮ್ಮನ ತವರಿಗೆ ಹೋದಾಗ, ಮಾತಿನ ನಡುವೆ ಅಜ್ಜಿಯನ್ನು ಕೇಳಿಯೇ ಬಿಟ್ಟರು: ನಿಮಗೆ ಮಂಜ ಅಂತ ಒಬ್ಬ ಮಗ ಇದ್ದನಂತಲ್ಲ. ಅಜ್ಜಿ ಒಲೆಯ ಕಡೆ ತಿರುಗಿಕೊಂಡು, "ಯಾವ ಮಂಜನೂ ಇಲ್ಲ, ನನಗಿರೋದು ಒಬ್ಳೇ ಮಗಳು" ಎಂದುಬಿಟ್ಟಳು. ತಾತ ಆ ವೇಳೆಗೆ ತೀರಿಕೊಂಡಿದ್ದರು; ಬೇರೆ ಕೇಳಲು ಯಾರೂ ಇರಲಿಲ್ಲ. ಆಮೇಲೆ ಅಪ್ಪ ಅಮ್ಮನನ್ನು ಮತ್ತೆ ಕೇಳಲಿಲ್ಲ, ಅಮ್ಮ ಮತ್ತೆ ಹೇಳಲಿಲ್ಲ. ಅವಳು ಮೊಳಕೈ ದಾಟುವ ತೋಳಿನ ರವಿಕೆ ಹೊಲಿಸಿಕೊಂಡಳು. ಕೆಲಸದ ಭರದಲ್ಲಿ ತೋಳು ಮೇಲಕ್ಕೆ ಸರಿದು ಆ ಎರಡಕ್ಷರ ಕಂಡ ದಿನ ಅಪ್ಪ ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಿದ್ದರು. ಉಪ್ಪು ಹೆಚ್ಚಾಗಿದೆಯೇನೋ ಎಂದು ನಾನು ಸಾರು ನೆಕ್ಕಿ ನೋಡುತ್ತಿದ್ದೆ.

ನಾನು ಮಾಧ್ಯಮಿಕ ಶಾಲೆಗೆ ಹೋಗುವ ಹೊತ್ತಿಗೆ ನಮ್ಮ ಬೀದಿಯ ಕೊನೆಯ ಮನೆಗೆ ಹೊಸ ಬಾಡಿಗೆದಾರರು ಬಂದರು. ಗಂಡ, ಹೆಂಡತಿ, ಒಂದು ಕೂಸು. ಗಂಡನ ಹೆಸರು ಮಂಜುನಾಥ, ಊರು ಆಯನೂರಿನ ಹತ್ತಿರ. ಪಕ್ಕದ ಮನೆಯ ಸೆಲ್ವಿ ಅಕ್ಕ ನಲ್ಲಿಯ ಹತ್ತಿರ ಅಮ್ಮನಿಗೆ, "ನಿಮ್ ಊರ್ ಕಡೆಯವ್ರೇ ಬಂದಿದಾರೆ ಸುಶೀಲಾ, ಮಂಜಣ್ಣ ಅಂತೆ" ಎಂದು ಹೇಳಿದ್ದು ಅಪ್ಪನ ಕಿವಿಗೆ ಬಿತ್ತು. ಅವತ್ತಿನಿಂದ ಅಪ್ಪ ಮನೆಯಲ್ಲಿ ಊಟ ಮಾಡುವುದನ್ನೇ ಬಿಟ್ಟರು. ಕ್ಯಾಂಟೀನಿನಲ್ಲಿ ಆಯಿತು ಎನ್ನುವರು. ಆ ಮಂಜುನಾಥ ಸ್ಕೂಟರಿನಲ್ಲಿ ಹೋಗುವಾಗ ಇವರು ಬಾಗಿಲಲ್ಲಿ ನಿಂತು ಅವನು ನಮ್ಮ ಮನೆಯ ಕಡೆ ನೋಡುತ್ತಾನೋ ಇಲ್ಲವೋ ಎಂದು ನೋಡುವರು. ನೋಡಿದರೂ ತಪ್ಪು. ನೋಡದಿದ್ದರೆ ಬೇಕೆಂದೇ ನೋಡಲಿಲ್ಲ ಎಂದು ಇನ್ನೂ ದೊಡ್ಡ ತಪ್ಪು. ಒಂದು ವಾರ ಹೀಗೇ ಆದ ಮೇಲೆ, ಭಾನುವಾರ ಬೆಳಿಗ್ಗೆ ಅಮ್ಮ ಅಪ್ಪನ ಮುಂದೆ ಕಾಫಿ ಲೋಟ ಇಟ್ಟು, ರವಿಕೆಯ ತೋಳು ಮಡಚಿ, ಕೈಯನ್ನು ಅವರೆದುರು ಚಾಚಿದಳು.

"ಇದೊಂದು ಹೋದ್ರೆ ಊಟ ಮಾಡ್ತೀರಾ?"

ಅಪ್ಪ ಲೋಟ ಎತ್ತಿಕೊಂಡರು.

"ಶಿವಮೊಗ್ಗದಲ್ಲಿ ಮೇಲೆ ಬೇರೆ ಚಿತ್ರ ಹಾಕಿ ಮುಚ್ತಾರಂತೆ. ಸೆಲ್ವಿ ತಮ್ಮ ಮುಚ್ಚಿಸ್ಕೊಂಡು ಬಂದಿದಾನೆ. ನಡೀರಿ, ಹೋಗಿ ಬರಾಣ."

ಅಪ್ಪ ಕಾಫಿ ಕುಡಿದರು. ಆಮೇಲೆ ಶರ್ಟು ಹಾಕಿಕೊಂಡರು.

ಬಸ್ಸಿನಲ್ಲಿ ನಾವು ಮೂವರೂ ಒಂದೇ ಸೀಟಿನಲ್ಲಿ ಕೂತಿದ್ದೆವು, ನಾನು ನಡುವೆ. ಶಿವಮೊಗ್ಗದ ಪೇಟೆಯ ಒಂದು ಓಣಿಯೊಳಗೆ, ಕನ್ನಡಕದ ಅಂಗಡಿಯ ಪಕ್ಕ ಆ ಅಂಗಡಿ. ನಡೆಸುತ್ತಿದ್ದವನು ಇಮ್ರಾನ್ ಎಂಬ ಯುವಕ. ಕೂದಲನ್ನು ಹಿಂದಕ್ಕೆ ಕಟ್ಟಿದ್ದ. ಅಪ್ಪ ಬಾಗಿಲಲ್ಲೇ ಗೇಟಿನ ಕೆಲಸ ಶುರುಮಾಡಿದರು. ಸೂಜಿ ತೋರಿಸು ಎಂದರು. ಅವನು ಮುಚ್ಚಿದ ಪ್ಯಾಕೆಟ್ಟು ತೋರಿಸಿದ. ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು, ಅಂಚಿನಲ್ಲಿ ಬಿಚ್ಚಿ ಮತ್ತೆ ಅಂಟಿಸಿದ ಗುರುತಿದೆಯೇ ಎಂದು ನೋಡಿದರು. ಬಣ್ಣದ ಬಾಟಲಿ ಮೂಸಿದರು. ಇನ್ನೊಬ್ಬರ ರಕ್ತ ತಾಗಿದ ಬಣ್ಣ ಇದರೊಳಗೆ ವಾಪಸ್ಸು ಹೋಗುವುದಿಲ್ಲ ಎಂದು ಏನು ಖಾತ್ರಿ ಎಂದರು. ಇಮ್ರಾನ್ ಬೇಸರಿಸಿಕೊಳ್ಳದೆ ಬೆರಳುಗುರಿನಷ್ಟು ಚಿಕ್ಕ ಪ್ಲಾಸ್ಟಿಕ್ ಬಟ್ಟಲುಗಳನ್ನು ತೋರಿಸಿ, "ಇದಕ್ಕೆ ಹಾಕ್ಕೋತೀನಿ ಅಂಕಲ್, ಮಿಕ್ಕಿದ್ದು ಬಟ್ಟಲ ಸಮೇತ ಕಸಕ್ಕೆ" ಎಂದ. ಆಮೇಲೆ ಅವನ ಸರದಿ. ಅಮ್ಮನನ್ನು ಕೇಳಿದ: ತಿಂಡಿ ತಿಂದಿದ್ದೀರಾ, ಸಕ್ಕರೆ ಕಾಯಿಲೆ ಇದೆಯಾ, ಗಾಯ ಆದರೆ ಬೇಗ ಮಾಯುತ್ತಾ, ಯಾವುದಾದರೂ ಮಾತ್ರೆ ತಗೊಳ್ತೀರಾ, ಚರ್ಮಕ್ಕೆ ಏನಾದರೂ ಆಗಿಬರಲ್ವಾ. ಇದನ್ನೆಲ್ಲ ಇವನಿಗೇಕೆ ಹೇಳಬೇಕು ಎಂದು ಅಪ್ಪ ಹುಬ್ಬು ಗಂಟಿಕ್ಕಿದರು. ಅಮ್ಮ ಒಂದೊಂದಕ್ಕೂ ಉತ್ತರ ಹೇಳಿದಳು.

ಕೊನೆಗೆ ಇಮ್ರಾನ್ ಅವಳ ಕೈಯನ್ನು ದೀಪದ ಕೆಳಗೆ ಹಿಡಿದು ಆ ಎರಡಕ್ಷರವನ್ನು ಸ್ವಲ್ಪ ಹೊತ್ತು ನೋಡಿದ. "ಅಮ್ಮ, ಇದು ಹಳೇದು, ಆಳಕ್ಕೆ ಇಳಿದಿದೆ. ಮುಚ್ಬೇಕಂದ್ರೆ ಇದಕ್ಕಿಂತ ದೊಡ್ಡದು, ಕಪ್ಪು ಜಾಸ್ತಿ ಇರೋದು ಹಾಕ್ಬೇಕು. ಒಂದ್ಸಲ ಮುಚ್ಚಿದ್ರೆ ಆಮೇಲೆ ಇದು ವಾಪಸ್ ಬರಲ್ಲ." ಅಪ್ಪನ ಕಡೆ ನೋಡದೆ ಕೇಳಿದ: "ನಿಮಗೆ ಬೇಕಾ ಇದು? ನಿಮಗೆ?"

ಅಮ್ಮ, "ಹಾಕಪ್ಪ" ಎಂದಳು.

ದಾಸವಾಳ ಆರಿಸಿದಳು, ಕೆಳಗೆ ಕಡುಬಣ್ಣದ ಎಲೆಗಳಿರುವುದು. ಯಂತ್ರ ಶುರುವಾದಾಗ ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈ ಬೆವೆತಿತ್ತು, ಮುಖದಲ್ಲಿ ಏನೂ ಇರಲಿಲ್ಲ. ಮೊದಲು ಜ ಹೋಯಿತು. ಆಮೇಲೆ ಆ ದೊಡ್ಡ ಸೊನ್ನೆ ಒಂದು ಎಲೆಯ ಹೊಟ್ಟೆಯೊಳಗೆ ಮುಳುಗಿತು. ಮ ಬಹಳ ಹೊತ್ತು ಉಳಿದಿತ್ತು. ಆ ಅಂಗಡಿಯಲ್ಲಿ ಅಪ್ಪ ಪ್ರತಿಯೊಂದನ್ನೂ ನೋಡಿದ್ದರು. ಅದೊಂದನ್ನು ಮಾತ್ರ ನೋಡಲಿಲ್ಲ. ಕಿಟಕಿಯ ಕಡೆ ತಿರುಗಿ ನಿಂತಿದ್ದರು.

ಇಮ್ರಾನ್ ಮನೆಯಲ್ಲಿ ಮಾಡಬೇಕಾದ್ದನ್ನೆಲ್ಲ ಹೇಳಿದ. ಅಪ್ಪ ಅದನ್ನು ಎರಡನೆಯ ಸಲ ಹೇಳಿಸಿದರು, ಮೊದಲ ಸಲ ಹೇಳಿದ್ದಕ್ಕೂ ಎರಡನೆಯದಕ್ಕೂ ವ್ಯತ್ಯಾಸವಿದೆಯೇ ಎಂದು ಹಿಡಿಯಲು. ವ್ಯತ್ಯಾಸವಿರಲಿಲ್ಲ. ಅಲ್ಲಿಂದ ಮುಂದಿನ ದಿನಗಳು ನಮ್ಮ ಮನೆಯಲ್ಲಿ ಹಿಂದೆಂದೂ ಇರದಂಥವು. ಆ ಕೈಗೆ ಮಸಾಲೆ, ಸೋಪಿನ ಪುಡಿ, ಹೊಗೆ, ಬಿಸಿಲು ತಾಗಕೂಡದು, ನೀರಿನಲ್ಲಿ ನೆನೆಯಕೂಡದು ಎಂದಾಗಿತ್ತಲ್ಲ; ಪಾಳಿ ಮುಗಿಸಿ ಬಂದ ಅಪ್ಪ ಲುಂಗಿ ಎತ್ತಿಕಟ್ಟಿ ಬಚ್ಚಲಲ್ಲಿ ಕೂತು ಪಾತ್ರೆ ತೊಳೆದರು. ಬೆಳಿಗ್ಗೆ ಸಂಜೆ ತಾವು ಮೊದಲು ಸೋಪು ಹಚ್ಚಿ ಕೈ ತೊಳೆದುಕೊಂಡು, ಆಮೇಲೆ ಅಮ್ಮನ ಕೈಯನ್ನು ಉಗುರುಬೆಚ್ಚಗಿನ ನೀರಿನಲ್ಲಿ, ಕೂಸಿನ ತಲೆ ತೊಳೆದಂತೆ, ಬರೀ ಅಂಗೈಯಿಂದ ತೊಳೆದು, ಒಗೆದ ಬಟ್ಟೆಯಿಂದ ಒತ್ತಿ ಒರೆಸುತ್ತಿದ್ದರು; ಉಜ್ಜುತ್ತಿರಲಿಲ್ಲ. ಮುಲಾಮನ್ನು ಕಂಡೂ ಕಾಣದಷ್ಟು ತೆಳ್ಳಗೆ ಸವರುತ್ತಿದ್ದರು. ಮೆತ್ತಿದರೆ ಗಾಯ ಉಸಿರಾಡುವುದಿಲ್ಲ ಎಂದು ಇಮ್ರಾನ್ ಹೇಳಿದ್ದ. ಸೆಲ್ವಿ ಅಕ್ಕ ಹರಳೆಣ್ಣೆಯಲ್ಲಿ ಅರಿಸಿನ ಕಲಸಿ ತಂದಾಗ ಅಪ್ಪ ಬಾಗಿಲಲ್ಲೇ ತಡೆದು, "ಇಟ್ಟು ಹೋಗಮ್ಮ, ನೋಡಾಣ" ಎಂದು ಇಸಕೊಂಡು, ಅವಳು ಹೋದ ಮೇಲೆ ಅದನ್ನು ಹಿತ್ತಿಲ ಕರಿಬೇವಿನ ಬುಡಕ್ಕೆ ಸುರಿದರು. ಚರ್ಮ ಹಕ್ಕಳೆಗಟ್ಟಿ ತುರಿಕೆ ಶುರುವಾದಾಗ ಅಮ್ಮ ನಿದ್ದೆಯಲ್ಲಿ ಕೆರೆದುಕೊಂಡಾಳೆಂದು ಅವಳ ಉಗುರು ಕತ್ತರಿಸಿದರು. ಅನುಮಾನಕ್ಕೆ ನನ್ನವನ್ನೂ ಕತ್ತರಿಸಿದರು. ತುರಿಸಿದರೆ ಮೆಲ್ಲಗೆ ತಟ್ಟು, ಹಕ್ಕಳೆ ತಾನಾಗೇ ಉದುರಲಿ, ಕಿತ್ತರೆ ಬಣ್ಣವೂ ಕಿತ್ತು ಬರುತ್ತದೆ ಎನ್ನುವರು. ದಿನವೂ ಗಾಯದ ಸುತ್ತ ಬೆರಳಿನ ಬೆನ್ನಿಟ್ಟು ಬಿಸಿ ಇದೆಯೇ ನೋಡುವರು. ಬಿಸಿಯಾದರೆ, ಕೀವು ಕಂಡರೆ, ಜ್ವರ ಬಂದರೆ ಟ್ಯಾಟೂ ಅಂಗಡಿಗಲ್ಲ, ಡಾಕ್ಟರ ಹತ್ತಿರ ಓಡಬೇಕು ಎಂದು ನನಗೂ ಬಾಯಿಪಾಠವಾಗಿತ್ತು. ಈಗ ಅಶ್ವಿನಿಗೆ ನಾನು ಹೇಳಿಕೊಟ್ಟದ್ದೆಲ್ಲ ಇದೇ. ಒಂದನ್ನು ಮಾತ್ರ ನಾನು ಸೇರಿಸಿದೆ: ಇನ್ನೊಬ್ಬರು ಊಟ ಬಿಟ್ಟರೆಂದು ಹಾಕಿಸಿಕೊಳ್ಳಬೇಡ.

ಆ ದಿನಗಳಲ್ಲಿ ನಾನು ಬಹಳ ಸಂತೋಷವಾಗಿದ್ದೆ. ಅಪ್ಪ ಮನೆಯಲ್ಲೇ ಉಣ್ಣುತ್ತಿದ್ದರು, ಅಮ್ಮನ ಪಕ್ಕ ಕೂರುತ್ತಿದ್ದರು. ಆದರೆ ಅಮ್ಮ ಅಪ್ಪನ ಉಪಚಾರವನ್ನು ಪಕ್ಕದ ಮನೆಯವರ ಕೈಗೆ ಆಗುತ್ತಿರುವಂತೆ ನೋಡುತ್ತಾ ಕೂರುತ್ತಿದ್ದಳು. ಒಮ್ಮೆ ಅಪ್ಪ, "ಉರಿಯುತ್ತಾ?" ಎಂದಾಗ, "ಇಲ್ಲ, ಅಲ್ಲೇನೂ ಇಲ್ಲ ಈಗ" ಎಂದಳು.

ಹಕ್ಕಳೆಯೆಲ್ಲ ಉದುರಿ ದಾಸವಾಳ ಹೊಳೆಯತೊಡಗಿದ ಮೇಲೆ ನಾವು ಆಯನೂರಿಗೆ ಹೋದೆವು. ಅಜ್ಜಿಯ ಮನೆ ಸಾಗರದ ರಸ್ತೆಯ ಪಕ್ಕಕ್ಕೇ ಇತ್ತು. ಬಸ್ಸು ಹೋದಾಗಲೆಲ್ಲ ಗೂಡಿನಲ್ಲಿದ್ದ ಲೋಟಗಳು ಅಲುಗುತ್ತಿದ್ದವು. ಅಜ್ಜಿಗೆ ಒಂದು ಅಭ್ಯಾಸವಿತ್ತು. ಮಗಳು ಬಂದ ಕೂಡಲೇ ಜಗಲಿಯ ಮೇಲೆ ಕೂರಿಸಿಕೊಂಡು, ಅವಳ ಎಡಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ತೋಳನ್ನು ಸರಿಸಿ, ಹೆಬ್ಬೆರಳಿನಿಂದ ಸವರುತ್ತಾ ಊರಿನ ಸುದ್ದಿಯೆಲ್ಲ ಹೇಳುತ್ತಿದ್ದಳು. ಮಗಳ ಮೇಲಿನ ಅಕ್ಕರೆ ಎಂದುಕೊಂಡಿದ್ದೆವು, ಅಪ್ಪನೂ. ಅವತ್ತೂ ಹಾಗೆಯೇ ಕೈ ಎಳೆದುಕೊಂಡಳು. ಮಳೆ ಇಲ್ಲ, ದನದ ಕಾಲಿಗೆ ಏನೋ ಆಗಿದೆ ಎಂದು ಹೇಳುತ್ತಲೇ ತೋಳು ಸರಿಸಿದಳು. ಕೈಯನ್ನು ಹೊರಳಿಸಿ ನೋಡಿದಳು. ಇನ್ನೊಂದು ಕೈಯನ್ನು ಎತ್ತಿ ನೋಡಿದಳು.

"ಮಂಜ ಎಲ್ಲಿ?" ಎಂದಳು.

ಅಪ್ಪ ಎದುರಿನ ಕುರ್ಚಿಯಲ್ಲಿದ್ದರು. ಅವರ ಕೈಯಲ್ಲಿದ್ದ ಮಜ್ಜಿಗೆಯ ಲೋಟ ಅಲ್ಲೇ ನಿಂತಿತು.

"ಮುಚ್ಚಿಸ್ದೆ ಅವ್ವ" ಎಂದಳು ಅಮ್ಮ.

"ಯಾಕೆ? ಅದೊಂದು ಇತ್ತಲ್ಲೇ. ಅಲ್ಲೊಂದು ಕಡೆ ಇದ್ದ." ಅಜ್ಜಿಯ ಹೆಬ್ಬೆರಳು ದಾಸವಾಳದ ಮೇಲೆ ಹಿಂದೆ ಮುಂದೆ ಹೋಗುತ್ತಿತ್ತು, ದೂಳು ಒರೆಸಿದರೆ ಕೆಳಗೆ ಕಾಣುತ್ತದೇನೋ ಎಂಬಂತೆ.

ಆಮೇಲೆ ಅವಳೇ ಹೇಳಿದಳು, ಅಪ್ಪನ ಕಡೆ ಒಂದು ಸಲವೂ ನೋಡದೆ. ಮಂಜನಿಗೆ ನಾಲ್ಕು ವರ್ಷ. ಕೆರೆಯ ಕಲ್ಲಿನ ಮೇಲೆ ಅವನನ್ನು ಕೂರಿಸಿ ಬಟ್ಟೆ ಒಗೆಯುತ್ತಿದ್ದಳು. ತಾತನ ಪಂಚೆ ಹಿಂಡಿ ತಿರುಗಿ ನೋಡುವಷ್ಟರಲ್ಲಿ ಕಲ್ಲು ಬರಿದಾಗಿತ್ತು. ಅಷ್ಟೇ. ಅವತ್ತಿನಿಂದ ಅವಳು ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತಬಾರದೆಂದಳು. ಬಟ್ಟೆ, ತೊಟ್ಟಿಲು ಎಲ್ಲ ಕೊಟ್ಟುಬಿಟ್ಟಳು. ಊರವರೂ ಕನಿಕರದಿಂದ ಮರೆತಂತೆ ಇದ್ದು, ಬರಬರುತ್ತಾ ನಿಜಕ್ಕೂ ಮರೆತರು. ಮರೆಯಲಾರದವಳು ಅಮ್ಮ ಒಬ್ಬಳೇ. ಎರಡನೇ ಕ್ಲಾಸಿನಲ್ಲಿದ್ದಳು. ತಾನೂ ಮರೆತುಬಿಟ್ಟರೆ ಎಂದು ಹೆದರಿಕೆಯಾಗಿ, ಊರಿಗೆ ಹಚ್ಚೆ ಹಾಕುವ ಹೆಂಗಸು ಬಂದಾಗ ಮನೆಯ ಹಿಂದೆ ಕರೆದೊಯ್ದು ಕೈ ಒಡ್ಡಿದಳು. ಆ ಹೆಂಗಸಿಗೆ ಚುಕ್ಕಿ, ಚೇಳು, ತುಳಸಿಕಟ್ಟೆ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಅದಕ್ಕೆ ಅಮ್ಮನೇ ಇದ್ದಿಲಿನಿಂದ ತನ್ನ ಕೈಮೇಲೆ ಬರೆದುಕೊಂಡಳು, ಹೊಸದಾಗಿ ಕಲಿತ ಅಕ್ಷರದಲ್ಲಿ. ಆ ಹೆಂಗಸು ಆ ಗೆರೆಯ ಮೇಲೆಯೇ ಚುಚ್ಚಿದಳು. ನಾನು ಓದು ಕಲಿತದ್ದು ಎರಡನೇ ಕ್ಲಾಸಿನ ಹುಡುಗಿಯೊಬ್ಬಳ ಕೈಬರಹದಿಂದ ಎಂದು ನನಗೆ ಗೊತ್ತಾದದ್ದು ಆವಾಗ, ಅದು ಹೋದ ಮೇಲೆ.

ಅಪ್ಪ ಲೋಟ ಕೆಳಗಿಟ್ಟರು. "ನಾನು ಕೇಳಿದಾಗ ಇಲ್ಲ ಅಂದ್ರಲ್ಲ."

"ಇದ್ದ ಅಂದ್ರೆ ಹೆಂಗ್ ಹೋದ ಅಂತ ಕೇಳ್ತಿದ್ರಿ" ಎಂದಳು ಅಜ್ಜಿ.

ಬರುವಾಗ ಬಸ್ಸಿನಲ್ಲಿ ಅಪ್ಪ ಅಮ್ಮನ ಪಕ್ಕ ಕೂತರು, ನಾನು ಕಿಟಕಿಗೆ. ಅರ್ಧ ದಾರಿಯಲ್ಲಿ ಅಪ್ಪ ಮೆಲ್ಲಗೆ, "ಇಷ್ಟು ವರ್ಷ ಒಂದ್ಸಲ ಪೂರ್ತಿ ಹೇಳ್ಬಹುದಿತ್ತು" ಎಂದರು. ಅಮ್ಮ ಹೊರಗೆ ನೋಡುತ್ತಲೇ ಹೇಳಿದಳು: "ಅವ್ವನ ಕೈಯಿಂದ ಹೋಗಿದ್ದು ಅಂತ ಅವ್ವನ ಅಳಿಯನ ಹತ್ರ ಹೆಂಗ್ ಹೇಳ್ಲಿ? ತಮ್ಮ ಅಂದಿದ್ನಲ್ಲ. ಅಷ್ಟು ಸಾಕಾಗ್ಬೇಕಿತ್ತು." ಶಿವಮೊಗ್ಗದ ಸ್ಟ್ಯಾಂಡಿನಲ್ಲಿ ಇಳಿದು ಭದ್ರಾವತಿಯ ಬಸ್ಸು ಹತ್ತಿದೆವು.

ಮುಂದಿನ ರಜೆಯ ದಿನ ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಮತ್ತೆ ಅದೇ ಓಣಿಗೆ ಹೋದರು. ಹೂವನ್ನು ತೆಗೆದು ಕೆಳಗಿನದನ್ನು ಮೇಲೆ ತರಲಿಕ್ಕೆ ಆಗುತ್ತದೆಯೇ ಎಂದು ಕೇಳಿದರು. ಇಮ್ರಾನ್ ತಲೆಯಾಡಿಸಿದ. ದೊಡ್ಡ ಊರುಗಳಲ್ಲಿ ಲೇಸರ್ ಇದೆ, ಅದು ಹೂವು ಯಾವುದು ಹೆಸರು ಯಾವುದು ಎಂದು ನೋಡುವುದಿಲ್ಲ, ಎರಡನ್ನೂ ಸುಡುತ್ತದೆ ಎಂದ. ಬೇಕಿದ್ದರೆ ಬಲಗೈ ಮೇಲೆ ಹೊಸದಾಗಿ ಬರೆಯುತ್ತೇನೆ ಎಂದ. ಅಮ್ಮ ಬೇಡ ಎಂದಳು, ಒಮ್ಮೆ ಸಾಕು ಎಂದಳು. ಅಪ್ಪ ಕುರ್ಚಿಯಲ್ಲಿ ಕೂತು, ತಮ್ಮ ಶರ್ಟಿನ ಎಡ ತೋಳಿನ ಗುಂಡಿ ಬಿಚ್ಚಿದರು. ಸೂಜಿಯ ಪ್ಯಾಕೆಟ್ಟನ್ನು ಈ ಸಲವೂ ಬೆಳಕಿಗೆ ಹಿಡಿದು ನೋಡಿದರು, ಅದನ್ನು ಬಿಡಲಿಲ್ಲ. ಆಮೇಲೆ ಇಮ್ರಾನನ ಪೆನ್ನು ಇಸಕೊಂಡು ಅಮ್ಮನ ಕಡೆ ಚಾಚಿದರು. "ಬರಿ" ಎಂದರು.

"ನಿಮಗ್ಯಾಕೆ?"

"ಬರಿ ಮಾರಾಯ್ತಿ."

ಅಮ್ಮ ಪೆನ್ನು ಹಿಡಿದು ಅವರ ಕೈಮೇಲೆ ಬರೆದಳು. ಅವಳ ಕೈಬರಹ ಈಗ ನೆಟ್ಟಗಿತ್ತು. ಮ ಓರೆಯಾಗಲಿಲ್ಲ, ಜ ಜಾರಲಿಲ್ಲ. ಬರೆದು ಮುಗಿಸಿ, ಅದನ್ನು ನೋಡಿ, ಆ ಅಂಗಡಿಯಲ್ಲಿ ಮೊದಲ ಬಾರಿಗೆ ಕಣ್ಣೊರೆಸಿಕೊಂಡಳು. ಯಂತ್ರ ಚರ್ಮಕ್ಕೆ ತಾಗಿದಾಗ ಅಪ್ಪ "ಅಮ್ಮಾ" ಎಂದರು. ನೀವು ಇದನ್ನು ಹೇಗೆ ತಡೆದುಕೊಂಡಿರಿ ಎಂಬಂತೆ ಇಮ್ರಾನ್ ಅಮ್ಮನ ಕಡೆ ನೋಡಿ ನಕ್ಕ.

ಅದರ ಫಲ ಅಪ್ಪನಿಗೆ ಗೇಟಿನಲ್ಲಿ ಸಿಕ್ಕಿತು. ತೋಳು ಮಡಚಿ ಚೀಲ ತಡಕುತ್ತಿದ್ದಾಗ ಯಾರೋ ಓದಿದರು. ಮಂಜ ಅಂದರೆ ಮಂಜುಳನೋ ಮಂಜಮ್ಮನೋ, ಈ ವಯಸ್ಸಿನಲ್ಲಿ ಇದೆಲ್ಲ ಯಾವಾಗ ಶುರುವಾಯಿತು ರುದ್ರಣ್ಣ ಎಂದು ಪಾಳಿ ಪಾಳಿಯವರೂ ಕೇಳಿದರು. ನನ್ನ ಭಾವಮೈದ ಎಂದರೆ ಒಬ್ಬರೂ ನಂಬಲಿಲ್ಲ. ಭಾವಮೈದನ ಹೆಸರನ್ನು ಯಾರಾದರೂ ಹಚ್ಚೆ ಹಾಕಿಸಿಕೊಳ್ಳುತ್ತಾರೆಯೇ, ಸರಿಯಾಗಿ ಹೇಳಪ್ಪ ಎಂದು ಕಣ್ಣು ಮಿಟುಕಿಸಿದರು. ಕಾರ್ಖಾನೆಯಲ್ಲಿ ರಕ್ತದಾನ ನಡೆದಾಗ ಹೊಸ ಹಚ್ಚೆಯವರು ಕೆಲವು ತಿಂಗಳು ಕೊಡುವ ಹಾಗಿಲ್ಲ ಎಂದು ಅಪ್ಪನನ್ನು ಸಾಲಿನಿಂದ ಆಚೆ ಕಳಿಸಿದ್ದು ಇನ್ನೊಂದು ಸುತ್ತಿನ ನಗೆಗೆ ಕಾರಣವಾಯಿತು. ಇದನ್ನೆಲ್ಲ ಮನೆಗೆ ಬಂದು ಅಮ್ಮನಿಗೆ ಹೇಳುತ್ತಿದ್ದರು. "ಹೇಳಿದ್ರೂ ನಂಬಲ್ವಲ್ಲೇ" ಎನ್ನುತ್ತಿದ್ದರು, ನಿಜವಾದ ಆಶ್ಚರ್ಯದಿಂದ. ಅಮ್ಮ ರೊಟ್ಟಿ ತಟ್ಟುತ್ತಾ, "ನಂಬಲ್ಲ ಕಣ್ರೀ" ಎನ್ನುತ್ತಿದ್ದಳು. ಬೀದಿಯ ಕೊನೆಯ ಮಂಜುನಾಥನ ಮನೆಗೆ ಅಪ್ಪ ಆ ವರ್ಷ ಎಳ್ಳುಬೆಲ್ಲ ಕಳಿಸಿದರು. ಅವನಿಗೆ ಯಾಕೆಂದು ಕೊನೆಯವರೆಗೂ ಗೊತ್ತಾಗಲಿಲ್ಲ.

ಹಾಲನ್ನು ಉಗುರಿನ ಮೇಲೆ ಬಿಟ್ಟು ನೋಡುವುದು ನಿಲ್ಲಲಿಲ್ಲ. ಮನುಷ್ಯರು ಅಷ್ಟೊಂದು ಬದಲಾಗುವುದಿಲ್ಲ. ವರ್ಷಗಳು ಕಳೆದವು. ಅಜ್ಜಿ ಹೋದಳು. ಅವಳ ಕೊನೆಯ ದಿನಗಳಲ್ಲಿ ಅಪ್ಪನೇ ಆಯನೂರಿಗೆ ಹೋಗಿ ಹಾಸಿಗೆಯ ಪಕ್ಕ ಕೂತು ತೋಳು ಮಡಚುತ್ತಿದ್ದರು. ಅವಳು ಅಳಿಯನ ಕೈಯನ್ನು ಸವರುತ್ತಾ ಮಲಗುತ್ತಿದ್ದಳು. ಅಪ್ಪ ನಿವೃತ್ತರಾದರು, ನನಗೆ ಶಿವಮೊಗ್ಗದಲ್ಲಿ ಕೆಲಸ ಸಿಕ್ಕಿತು, ಜನ್ನಾಪುರದ ಮನೆ ಮಾರಿದೆವು. ಸೆಲ್ವಿ ಅಕ್ಕ ಮಗಳ ಮನೆಗೆಂದು ಸೇಲಂ ಕಡೆ ಹೋದವಳು ಮತ್ತೆ ಬರಲಿಲ್ಲ. ಆ ನಲ್ಲಿ, ಆ ಕರಿಬೇವು, ಕಾರ್ಖಾನೆಯ ಸೈರನ್ನಿಗೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಆ ಬೀದಿ, ಯಾವುದೂ ಈಗ ಅಲ್ಲಿಲ್ಲ.

ಗೋಪಾಳಕ್ಕೆ ಬಂದ ಮೇಲೆ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಕಾಲಿನ ಬಲ ಸ್ವಲ್ಪ ಮರಳಿತು, ನೆನಪು ಮರಳಲಿಲ್ಲ. ನನ್ನನ್ನು ಕೆಲವು ದಿನ ಗುರುತಿಸುತ್ತಿದ್ದರು, ಕೆಲವು ದಿನ ನರ್ಸ್ ಎನ್ನುತ್ತಿದ್ದರು. ಅಮ್ಮನನ್ನು ಮಾತ್ರ ಮರೆಯಲಿಲ್ಲ. ಬೆಳಿಗ್ಗೆ ಅವಳು ಅವರನ್ನು ವರಾಂಡದ ಬಿಸಿಲಿಗೆ ಕೂರಿಸಿ ತೋಳು ಮಡಚಿ ಎಣ್ಣೆ ತಿಕ್ಕುವಾಗ, ಅವರ ಕಣ್ಣು ತಮ್ಮ ಕೈಮೇಲೆ ನಿಲ್ಲುತ್ತಿತ್ತು. ಆ ನೋಟ ನನಗೆ ಗೊತ್ತಿತ್ತು, ಗೇಟಿನ ನೋಟ.

"ಇದ್ಯಾರೇ ಮಂಜ?"

"ನನ್ ತಮ್ಮ ಕಣ್ರೀ. ಚಿಕ್ಕವನಿದ್ದಾಗಲೇ ಹೋಗ್ಬಿಟ್ಟ."

"ಅಯ್ಯೋ ಪಾಪ" ಎನ್ನುತ್ತಿದ್ದರು ಅಪ್ಪ. ಮತ್ತೆ ಏನನ್ನೂ ಕೇಳುತ್ತಿರಲಿಲ್ಲ. ಎಣ್ಣೆಗೈಯಲ್ಲೇ ಅವಳ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂರುತ್ತಿದ್ದರು. ಮರುದಿನ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಅಮ್ಮ ಒಂದು ದಿನವೂ ಬೇಸರಪಡಲಿಲ್ಲ. ಪ್ರತಿದಿನ ಹೊಸದಾಗಿ ಹೇಳುವಂತೆ ಹೇಳುತ್ತಿದ್ದಳು, ಪ್ರತಿದಿನ ಅವರು ಒಂದೇ ಮಾತಿಗೆ ನಂಬುತ್ತಿದ್ದರು.

ಅವರು ತೀರಿಕೊಂಡ ವಾರದ ಒಂದು ಬೆಳಿಗ್ಗೆ ಮಾತ್ರ ಇನ್ನೊಂದು ಪ್ರಶ್ನೆ ಕೇಳಿದರು. "ನಿನ್ ಹಂಗೇ ಇದ್ನಾ?" ಎಂದರು. ಇದನ್ನು ಅಮ್ಮನನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅವಳು ಎಣ್ಣೆಯ ಬಟ್ಟಲು ಕೆಳಗಿಟ್ಟು ಯೋಚಿಸಿದಳು.

"ಮೂಗು ನನ್ ಹಂಗೇ. ಕೂದ್ಲು ಗುಂಗುರು. ನಗ್ತಿದ್ದ ಯಾವಾಗ್ಲೂ."

ಅಪ್ಪ ಅವಳ ಮೂಗನ್ನು ನೋಡಿದರು.

"ನೋಡ್ಬೇಕಿತ್ತು ಮಾರಾಯ್ತಿ" ಎಂದರು.